“ಹೋಗಿ... ಮುಂದ?”: ಪೂರ್ಣವಿರಾಮ ಕಲಿಸಿದ ನನ್ನ ಅನುಭವ

ಗವಿಸಿದ್ಧೇಶ್ವರ ಜಾತ್ರೆ ಮುಗಿದ ವಾರ ಐದನೇ ತರಗತಿಗೆ ‘ನಾನು ಕಂಡ ಜಾತ್ರೆ’ ಬರೆಯಿರಿ ಅಂದೆ. ನಮ್ಮದು ಕೊಪ್ಪಳದ ಹತ್ತಿರದ ಹಳ್ಳಿ ಶಾಲೆ. ಊರಿಂದ ದಾಸೋಹಕ್ಕೆ ಟ್ರ್ಯಾಕ್ಟರ್‌ನಲ್ಲಿ ರೊಟ್ಟಿ ಹೋಗುತ್ತವೆ, ಹಾಗಾಗಿ ಬರೆಯೋದಕ್ಕೆ ಮಕ್ಕಳಿಗೆ ಬರ ಇಲ್ಲ. ಒಬ್ಬ ಹುಡುಗ ಒಂದೂವರೆ ಪುಟ ತುಂಬಿಸಿದ್ದ: “ನಾವು ಟ್ರ್ಯಾಕ್ಟರ್ ಹತ್ತಿ ಹೋಗಿ ತೇರು ನೋಡಿ ಉತ್ತತ್ತಿ ಒಗೆದು ಅವ್ವ ಮಿರ್ಚಿ ಕೊಡಿಸಿದಳು ನಾನು ತಿಂದೆ ಖಾರ ಇತ್ತು ಆಮೇಲೆ ತಮ್ಮ ಕಳೆದುಹೋಗಿ...” ಕೊನೆಗೆ ಒಂದೇ ಒಂದು ಚುಕ್ಕಿ. ತಮ್ಮ ಸಿಕ್ಕನೋ ಇಲ್ಲವೋ ತಿಳಿಯೋಕೆ ನಾನು ಮೂರು ಸಲ ಓದಬೇಕಾಯಿತು. (ಸಿಕ್ಕಿದ್ದ, ಬಳೆ ಅಂಗಡಿ ಮುಂದೆ.)

‘ವಾಕ್ಯ ಮುಗಿದಾಗ ಪೂರ್ಣವಿರಾಮ’ ಅಂತ ನಾನು ಜೂನ್‌ನಿಂದಲೂ ಹೇಳುತ್ತಿದ್ದೆ. ಮಕ್ಕಳಿಗೂ ಬಾಯಿಪಾಠ. ಆದರೆ ವಾಕ್ಯ ಎಲ್ಲಿ ಮುಗೀತು ಅಂತ ಗೊತ್ತಾಗೋದು ಹೇಗೆ? ಅದನ್ನು ನಾನು ಹೇಳಿಯೇ ಇರಲಿಲ್ಲ. ಅರ್ಧ ಮಕ್ಕಳು ನೋಟ್‌ಬುಕ್ಕಿನ ಗೆರೆ ಮುಗಿದಲ್ಲೆಲ್ಲ ಚುಕ್ಕಿ ಇಡುತ್ತಿದ್ದರು. ಅವರ ಲೆಕ್ಕದಲ್ಲಿ ಗೆರೆ ಅಂದರೆ ವಾಕ್ಯ. ‘ಉಸಿರು ತಗೊಳ್ಳೋ ಕಡೆ ಇಡ್ರಿ’ ಅಂದು ನೋಡಿದೆ. ಅದು ಇನ್ನೂ ಕೆಟ್ಟಿತು. ತಡವರಿಸಿ ಓದೋ ಮಗು ಪದಕ್ಕೊಂದು ಉಸಿರು ತಗೊಳ್ಳುತ್ತದೆ ಅಲ್ವಾ.

ದಾರಿ ಸಿಕ್ಕಿದ್ದು ಆ ಹುಡುಗನ ಪುಟವನ್ನೇ ಜೋರಾಗಿ ಓದಿಸಿದಾಗ. “ಟ್ರ್ಯಾಕ್ಟರ್ ಹತ್ತಿ ಹೋಗಿ” ಅಂತ ಓದಿ ಅವನು ಉಗುಳು ನುಂಗಿದ. ಪಕ್ಕದವನು ತಡೆಯಲಾರದೆ “ಹೋಗಿ... ಮುಂದ?” ಅಂದ. ಮಾರನೇ ದಿನದಿಂದ ಅದೇ ಆಟ. ಒಬ್ಬರು ಓದಿ ನಿಲ್ಲಿಸಬೇಕು. ಜೊತೆಗಾರರಿಗೆ “ಮುಂದ?” ಅಂತ ಕೇಳಬೇಕು ಅನಿಸಿದರೆ ಮುಗಿದಿಲ್ಲ. ಹೋಗಿ, ನೋಡಿ, ಒಗೆದು ಅಂದಾಗ ಇಡೀ ತರಗತಿ “ಮುಂದ?” ಅನ್ನುತ್ತದೆ. ಕೊಡಿಸಿದಳು ಅಂದರೆ ಸುಮ್ಮನಾಗುತ್ತದೆ. ಹೋಗಿ, ಬಂದು ಇಂಥವು ಕ್ರಿಯೆಯನ್ನು ಅರ್ಧಕ್ಕೇ ಬಿಡುತ್ತವೆ, ಹೋದೆ, ಬಂದಳು ಇಂಥವು ಮುಗಿಸುತ್ತವೆ. ವ್ಯಾಕರಣದ ಹೆಸರು ಹೇಳುವ ಮೊದಲೇ ಅದು ಅವರ ಕಿವಿಗೆ ಗೊತ್ತಿತ್ತು.

ಬರವಣಿಗೆಗೆ ಅದನ್ನು ಇಳಿಸೋಕೆ ಒಂದು ಉಪಾಯ ಮಾಡಿದೆ. ಚುಕ್ಕಿ ಇಲ್ಲದ ಒಂದು ಪುಟ ಕೊಟ್ಟು, ಪೆನ್ನು ಒಳಗೆ ಇಡಿಸಿ, ಚುಕ್ಕಿ ಬರುವಲ್ಲಿ ತೊಗರಿ ಕಾಳು ಇಡಿ ಅಂದೆ. ತಪ್ಪಿದರೆ ಸರಿಸಬಹುದು, ಹೊಡೆದು ಹಾಕೋ ಗೊಡವೆ ಇಲ್ಲ. ಕಾಳು ಉರುಳಿ ಬೆಂಚಿನ ಕೆಳಗೆ ಹೋದವು. ಆಗ ಒಬ್ಬಳು ಮನೆಯಿಂದ ಹುಣಸೆ ಬೀಜದ ಹೋಳು ತಂದಳು, ಚೌಕಾಬಾರ ಆಡೋಕೆ ಉಜ್ಜಿ ಎರಡು ಮಾಡುತ್ತಾರಲ್ಲ, ಅವು. ಒಂದು ಬದಿ ಚಪ್ಪಟೆ, ಇಟ್ಟಲ್ಲೇ ಕೂರುತ್ತವೆ.

ಅವಳೇ ನನ್ನ ಸೂತ್ರ ಕೆಡಿಸಿದ್ದು. ‘ತೇರು ಬಂತು ಅಂತ ಎಲ್ಲರೂ ಕೂಗಿದರು’ ಅನ್ನೋದರಲ್ಲಿ ‘ಬಂತು’ ಆದಮೇಲೆ ಹೋಳು ಇಟ್ಟಳು. ತಪ್ಪು ಅಂದೆ. “ಬಂತು ಅಂದ್ರ ಮುಗೀತಲ್ರಿ ಸರ್ರ, ಮುಂದ ಅಂತ ಯಾರೂ ಕೇಳಲಿಲ್ಲ.” ನಿಜ, ಯಾರೂ ಕೇಳಿರಲಿಲ್ಲ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ, ಗಂಟೆ ಹೊಡೆದದ್ದು ಪುಣ್ಯ. ರಾತ್ರಿ ಯೋಚಿಸಿದಾಗ ಹೊಳೆಯಿತು: ಎಡಗಡೆ ಒಂದೇ ನೋಡಿದರೆ ಸಾಲದು. ಹೋಳಿನ ಎಡಗಡೆಯದನ್ನು ಕೈಯಿಂದ ಮುಚ್ಚಿ, ಉಳಿದದ್ದನ್ನು ಓದಬೇಕು. ‘ಅಂತ ಎಲ್ಲರೂ ಕೂಗಿದರು’ ಅಂತ ಯಾರಾದರೂ ಮಾತು ಶುರು ಮಾಡುತ್ತಾರಾ? ಬೆಳಿಗ್ಗೆ ಹೇಳಿದೆ. ಅವಳು ಮುಚ್ಚಿ ಓದಿ, ಕಿಸಕ್ಕನೆ ನಕ್ಕು, ಹೋಳನ್ನು ‘ಕೂಗಿದರು’ ಆದಮೇಲಕ್ಕೆ ಸರಿಸಿದಳು.

‘ಕ್ರಿಯಾಪದ ಹುಡುಕಿ, ಅಲ್ಲಿ ಚುಕ್ಕಿ ಇಡಿ’ ಅಂತಷ್ಟೇ ಹೇಳಿಕೊಡುವವರಿಗೆ ಒಂದು ಮಾತು. ‘ಅವರು ನನ್ನ ಮಾವ’ ಅನ್ನೋದರಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಅದು ಪೂರ್ತಿ ವಾಕ್ಯ. ಕನ್ನಡದಲ್ಲಿ ಇಂಥವು ಜಾಸ್ತಿ. “ಮುಂದ?” ಇಲ್ಲೂ ಕೆಲಸ ಮಾಡುತ್ತದೆ.

ನಡುವೆ ಒಬ್ಬ “ಹಿಂದಿನವರು ಚುಕ್ಕಿ ಇಡ್ತಿದ್ರೇನ್ರಿ?” ಅಂದ. ಜಾತ್ರೆ ನಡೆಯೋ ಗವಿಮಠದ ಬೆಟ್ಟದಲ್ಲೇ ಅಶೋಕನ ಶಾಸನ ಇದೆಯಲ್ಲ, ಅದರ ಫೋಟೋ ಮೊಬೈಲಲ್ಲಿ ತೋರಿಸಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. “ಇಲ್ಲೈತ್ರಿ ಚುಕ್ಕಿ!” ಅಂತ ಕುಣಿದರು. ಬ್ರಾಹ್ಮಿಯಲ್ಲಿ ಅಕ್ಷರದ ಪಕ್ಕದ ಚುಕ್ಕಿ ನಮ್ಮ ಸೊನ್ನೆ ಇದ್ದಹಾಗೆ, ‘ಅಂ’ ಅನ್ನೋದರ ಅನುಸ್ವಾರ, ಪೂರ್ಣವಿರಾಮ ಅಲ್ಲ. ಹಳೆಗನ್ನಡ ಪದ್ಯಗಳಿಗೆ ನಿಂತ ಗೆರೆ ಹಾಕುತ್ತಿದ್ದರು, ಈ ಚುಕ್ಕಿ ಇಂಗ್ಲಿಷಿನಿಂದ ಬಂದದ್ದು ಅಂದೆ. “ಹಂಗಾರ ಬ್ಯಾಡ ಬಿಡ್ರಿ” ಅಂತ ಹಿಂದಿನ ಬೆಂಚಿನಿಂದ ಬಂತು.

ಫೆಬ್ರವರಿಯಲ್ಲಿ ಹೊಸ ರೋಗ. ಎಲ್ಲರೂ ಮೋಟು ವಾಕ್ಯ ಬರೆಯತೊಡಗಿದರು. “ನಾನು ಎದ್ದೆ. ಮುಖ ತೊಳೆದೆ. ಚಹಾ ಕುಡಿದೆ.” ಚುಕ್ಕಿ ಒಂದೂ ತಪ್ಪಿಲ್ಲ, ಓದೋಕೆ ಮಾತ್ರ ಬಾಯಲ್ಲಿ ಕಲ್ಲು ಕಡಿದಂತೆ. ತಪ್ಪು ನನ್ನದೇ. ಎದ್ದು, ತೊಳೆದು ಅನ್ನೋದನ್ನು ಅಪರಾಧ ಅನ್ನೋ ಹಾಗೆ ಮಾಡಿದ್ದೆ. ಮತ್ತೆ ಜೋಡಿಸಲು ಹೇಳಿಕೊಟ್ಟೆ: ಒಂದು ವಾಕ್ಯದಲ್ಲಿ ಮೂರು ಕೆಲಸದವರೆಗೆ ಸೇರಿಸಬಹುದು, ನಾಲ್ಕನೆಯದು ಬಂದರೆ ಚುಕ್ಕಿ. ಮೂರು ಅನ್ನೋದು ವ್ಯಾಕರಣ ಅಲ್ಲ, ಸುಮ್ನೆ ನಾನು ಹಾಕಿದ ಬೇಲಿ.

ವರ್ಷದ ಕೊನೆಗೂ ಗೆರೆ ಮುಗಿದಲ್ಲಿ ಚುಕ್ಕಿ ಇಡೋ ನಾಲ್ಕು ಮಕ್ಕಳು ಉಳಿದರು. ಅವರಿಗೆ ಓದೇ ಇನ್ನೂ ಹತ್ತಿಲ್ಲ, ಮೊದಲು ಆ ಕೆಲಸ ಆಗಬೇಕು. ಉಳಿದವರಿಗೆ ಈಗ ಪ್ರಶ್ನಾರ್ಥಕ ಚಿಹ್ನೆ ಶುರು ಮಾಡಿದ್ದೇನೆ. ಮೊದಲ ದಿನವೇ ‘ಅವನು ಯಾಕೆ ಬಂದ ಅಂತ ಗೊತ್ತಿಲ್ಲ’ ಎಂಬಲ್ಲಿ ಹುಣಸೆ ಹುಡುಗಿ ‘ಬಂದ’ ಪಕ್ಕ ಕೈ ಒಯ್ದಳು, ತಡೆದಳು, ಎಡಗಡೆ ಮುಚ್ಚಿ ಓದಿದಳು. “ಮತ್ತ ಇದೇ ‘ಅಂತ’ ಬಂತಲ್ರಿ ಸರ್ರ!”