ಸಸಿ ಬೆಳೆಸುವ ಮುಂಚೆ ತಾಯಿಮರ ಹುಡುಕಿ

2011ರಲ್ಲಿ ಘೋಷಣೆಯಾದ, ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮದ ಅಂಚಿನ ಹೊಲ, ಹಳ್ಳದ ದಂಡೆಗಳಲ್ಲಿ ಕಾಡುಮರ ಬೆಳೆಸಲು ಹೊರಟವರು ಎಡವುವುದು ಬೀಜ ಆಯುವಾಗಲೇ. ಒಂದೇ ಹೊನ್ನೆಮರದ ಬುಡದಲ್ಲಿ ಚೀಲ ತುಂಬಿಕೊಂಡು ಬಂದರೆ ನೂರು ಸಸಿಯೂ ಒಂದೇ ತಾಯಿಯ ಮಕ್ಕಳು. ಜೂನ್‌ನಲ್ಲಿ ಸುರಿದ ಮಳೆ ಜುಲೈಯೆಲ್ಲ ಕೈಕೊಟ್ಟರೆ, ಹೊಸ ಕೀಟ ಬಂದರೆ, ಒಂದಕ್ಕೆ ತಡೆಯಲಾಗದ್ದು ಉಳಿದವಕ್ಕೂ ತಡೆಯಲಾಗದೆ ಹೋಗಬಹುದು.

ಪ್ರತಿ ಜಾತಿಗೂ 15–20 ತಾಯಿಮರ ಗುರುತಿಸಿ. ಮರದಿಂದ ಮರಕ್ಕೆ 100 ಮೀಟರ್ ಅಂತರವಿರಲಿ, ಪ್ರತಿಯೊಂದರಿಂದಲೂ ಹೆಚ್ಚುಕಡಿಮೆ ಸಮನಾಗಿ ಬೀಜ ತೆಗೆದುಕೊಳ್ಳಿ. ಗರಸು ನೆಲದಲ್ಲಿ ಬರ ತಡೆದು ನಿಂತ ಗಿಡ್ಡ ಮರಗಳನ್ನು ಬಿಡಬೇಡಿ. ನೆಟ್ಟಗೆ, ದಪ್ಪಗೆ ಇರುವುದನ್ನೇ ಆರಿಸುವುದು ನಾಟಾ ವ್ಯಾಪಾರಿಯ ಲೆಕ್ಕ. ಧಾಮದೊಳಗಿಂದ ಬೀಜ ತರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಬದು, ಗುಡಿಯ ಆವರಣದ ಮರಗಳಲ್ಲೇ ಸಾಕಷ್ಟು ಸಿಗುತ್ತದೆ.

ಮನೆಗೆ ತಂದ ಮೇಲೆ 20 ಬೀಜ ಕತ್ತರಿಸಿ ನೋಡಿ. ಒಳಗಿನ ತಿರುಳು ಗಟ್ಟಿಯಾಗಿ ತುಂಬಿಕೊಂಡಿದ್ದರೆ ಒಳ್ಳೆಯದು. ಸುಕ್ಕುಗಟ್ಟಿದ್ದು, ಹುಳ ತಿಂದದ್ದು ಕೆಟ್ಟದ್ದು. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಆ ಬೀಜಕ್ಕಾಗಿ ಸಸಿಚೀಲಗಳಿಗೆ ಮಣ್ಣು ತುಂಬುವುದು ದಂಡ.

ಉಪಚಾರ ಒಂದೊಂದಕ್ಕೆ ಒಂದೊಂದು ಬಗೆ. ಹೊನ್ನೆಕಾಯಿಯ ಸುತ್ತಲಿನ ರೆಕ್ಕೆ ಕತ್ತರಿಸಿ, ನೀರು ಬದಲಿಸುತ್ತ ಎರಡು ದಿನ ನೆನೆಸಿ. ಕಕ್ಕೆ ಬೀಜದ ಸಿಪ್ಪೆಗೆ ನೀರು ಇಳಿಯುವುದಿಲ್ಲ. ಮೊಳಕೆ ಬರುವ ತುದಿ ಬಿಟ್ಟು ಇನ್ನೊಂದು ಬದಿಯನ್ನು ಉಪ್ಪುಕಾಗದಕ್ಕೆ ಉಜ್ಜಿ, ಒಂದು ರಾತ್ರಿ ನೆನೆಹಾಕಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದನ್ನು ಮತ್ತೆ ಉಜ್ಜಿ. ಬೇವು, ಹಿಪ್ಪೆ ಬೀಜ ಎರಡು-ಮೂರು ವಾರದಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಅವನ್ನು ಡಬ್ಬಿಯಲ್ಲಿ ಜೋಪಾನ ಮಾಡಬೇಡಿ, ಬೀಜದ ಮೇಲಿನ ಹಣ್ಣಿನ ತಿರುಳು ತೆಗೆದು ತಡಮಾಡದೆ ಬಿತ್ತಿ.

ಕಮರ ಮರದ ಬೀಜಕ್ಕೆ ಚೀಲವೇ ಬೇಡ. ಅದರ ತಾಯಿಬೇರು ಮೇಲಿನ ಕಾಂಡಕ್ಕಿಂತ ಬೇಗ ಆಳಕ್ಕಿಳಿಯುತ್ತದೆ. ಚೀಲದ ತಳ ಮುಟ್ಟಿತೆಂದರೆ ಸುರುಳಿ ಸುತ್ತುತ್ತದೆ. ಅಂಥ ಸಸಿ ನೆಟ್ಟಾಗ ಚೆನ್ನಾಗಿಯೇ ಕಂಡರೂ ಬೇಸಿಗೆಯಲ್ಲಿ ಆಳದ ತೇವ ಸಿಗದೆ ಒಣಗುತ್ತದೆ. ಮಳೆ ಹಿಡಿದ ಮೇಲೆ ಒಂದಂಗುಲ ಆಳಕ್ಕೆ ಎರಡು-ಮೂರು ಬೀಜ ನೇರವಾಗಿ ಊರಿಬಿಡಿ.

ಉಳಿದವಕ್ಕೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ತಿಪ್ಪೆಗೊಬ್ಬರ. ಎರೆಮಣ್ಣನ್ನೇ ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ, ಒಣಗಿದಾಗ ಬಿರಿಯುತ್ತದೆ. ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸಿ, ಇಲ್ಲದಿದ್ದರೆ ಬೇರು ನೆಲಕ್ಕಿಳಿಯುತ್ತದೆ. ನೆಡುವುದಕ್ಕೆ ಒಂದು ತಿಂಗಳು ಮುಂಚೆಯಿಂದ ನೀರು, ನೆರಳು ಎರಡನ್ನೂ ಕಡಿಮೆ ಮಾಡುತ್ತ ಬನ್ನಿ.

ಮೇನಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ, ನೆಲ ಅಷ್ಟೇ ಆಳಕ್ಕೆ ನೆಂದ ಮೇಲೆ ನೆಡಿ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರಾಕಾರದ ಬದು ಹಾಕಿ. ಅಂದಹಾಗೆ, ಕೃಷ್ಣಮೃಗ ಮೇಯುವ ಹುಲ್ಲುಬಯಲನ್ನು ಖಾಲಿ ಜಾಗವೆಂದು ತಿಳಿದು ಮರ ನೆಟ್ಟರೆ ಅದರ ನೆಲೆಯನ್ನೇ ಕಿತ್ತುಕೊಂಡಂತೆ.

ಬುಡಕ್ಕೆ ಒಣಹುಲ್ಲು ಹೊದಿಸಿದರೆ ತೇವ ಉಳಿಯುತ್ತದೆ, ಆದರೆ ಕಾಡಂಚಿನಲ್ಲಿ ಅದೇ ಬೆಂಕಿಗೆ ದಾರಿ. ಅಲ್ಲಿ ಶಹಾಬಾದ್ ಕಲ್ಲಿನ ಚೂರುಗಳನ್ನು ಕಾಂಡದಿಂದ ನಾಲ್ಕಂಗುಲ ಬಿಟ್ಟು ಹರವಿ, ಜನವರಿ ಮುಗಿಯುವುದರೊಳಗೆ ಸುತ್ತ ಒಂದು ಮೀಟರ್ ಹುಲ್ಲು ಕೆತ್ತಿ ತೆಗೆಯಿರಿ.