ಅರ್ಧಂಬರ್ಧ ಗಂಟೆಗಳ ಲೆಕ್ಕ

ಕೆಲಸ, ಮನೆ, ಹವ್ಯಾಸ ಮೂರನ್ನೂ ಸರಿದೂಗಿಸಬೇಕೆಂದು ಹೊರಟಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಒಂದು ವೇಳಾಪಟ್ಟಿ. ಬೆಳಿಗ್ಗೆ ಐದಕ್ಕೆ ಎದ್ದು ಚಿತ್ರ ಬರೆಯುವುದು, ಒಂಬತ್ತಕ್ಕೆ ಕೆಲಸ, ಸಂಜೆ ಏಳರ ನಂತರ ಮನೆಯವರು. ಮೂರು ಬಣ್ಣದ ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅದು ಒಂಬತ್ತು ದಿನ ಬಾಳಿತು. ಹತ್ತನೆಯ ದಿನ ಐದಕ್ಕೆ ಎದ್ದವನು ಪೆನ್ಸಿಲ್ ಹಿಡಿದುಕೊಂಡೇ ಕುರ್ಚಿಯಲ್ಲಿ ನಿದ್ದೆ ಹೋದೆ. ಕಾಗದದ ಮೇಲಿನ ಗೆರೆ ಜಾರಿ ಅಂಚು ದಾಟಿತ್ತು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಆ ತಿಂಗಳು ನಾನು ಎಳೆದ ಅತ್ಯಂತ ಪ್ರಾಮಾಣಿಕ ಗೆರೆ ಅದೇ.

ವೃತ್ತಿಯಿಂದ ನಾನು ಲೆಕ್ಕಪತ್ರ ನೋಡುವವನು. ಕೈಯಲ್ಲಿ ಎಷ್ಟಿದೆ ಎಂದು ತಿಳಿಯದೆ ಮುಂಗಡಪತ್ರ ಮಾಡುವವರನ್ನು ಕಂಡರೆ ನಗುವವನು, ನನ್ನ ಸಮಯದ ವಿಷಯದಲ್ಲಿ ಅದನ್ನೇ ಮಾಡಿದ್ದೆ. ಹಾಗಾಗಿ ವೇಳಾಪಟ್ಟಿ ಕಿತ್ತುಹಾಕಿ, ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕವೊಂದರಲ್ಲಿ ಏಳು ದಿನ ಅರ್ಧ ಗಂಟೆಗೊಂದು ಅಕ್ಷರ ಬರೆಯತೊಡಗಿದೆ. ಕೆಲಸಕ್ಕೆ ‘ಕೆ’, ಮನೆಯವರಿಗೆ ‘ಮ’, ಚಿತ್ರಕ್ಕೆ ‘ಚಿ’, ನಿದ್ದೆಗೆ ‘ನಿ’.

ಎರಡನೆಯ ದಿನವೇ ತೊಡಕಾಯಿತು. ಎದುರಿಗೆ ಕುಳಿತ ಮಗಳು ಶಾಲೆಯಲ್ಲಿ ನಡೆದ ಜಗಳದ ಕಥೆ ಹೇಳುತ್ತಿದ್ದಳು. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಇದು ‘ಕೆ’ಯೋ ‘ಮ’ವೋ? ಪೆನ್ನು ಹಿಡಿದು ಯೋಚಿಸುತ್ತಿದ್ದಾಗ ಅವಳೇ, “ಅಪ್ಪಾ, ನಾನು ಈಗ ಏನು ಹೇಳಿದೆ ಹೇಳು ನೋಡೋಣ” ಎಂದಳು. ಹೇಳಲಾಗಲಿಲ್ಲ. ಇತ್ತ ಪರದೆಯ ಮೇಲಿದ್ದ ಇಮೇಲ್‌ಗೆ ಒಂದು ಸಾಲಿನ ಉತ್ತರವನ್ನೂ ಬರೆದಿರಲಿಲ್ಲ. ಆ ಅರ್ಧ ಗಂಟೆಗೆ ಹೊಸ ಅಕ್ಷರವೇ ಬೇಕಾಯಿತು: ‘ಅ’. ಅರ್ಧಂಬರ್ಧ.

ವಾರದ ಕೊನೆಗೆ ಕೂಡಿಸಿದೆ. ಒಟ್ಟು 168 ಗಂಟೆ. ನಿದ್ದೆ 49, ನಿಜವಾಗಿ ಕೆಲಸ ಮಾಡಿದ್ದು 47, ಓಡಾಟ 8, ಸ್ನಾನ, ಊಟ, ಮನೆಗೆಲಸ ಸೇರಿ 28. ಉಳಿದದ್ದು 36. ಅದರಲ್ಲಿ ಮೊಬೈಲ್ 9, ಮನೆಯವರು 7, ಚಿತ್ರ 1. ಮಿಕ್ಕ 19 ಗಂಟೆಯೂ ‘ಅ’. ಸಮಯವೇ ಸಿಗುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವನ ಬಳಿ 19 ಗಂಟೆ ಯಾರಿಗೂ ದಕ್ಕದೆ ಬಿದ್ದಿತ್ತು. ಮೈಮನಸ್ಸು ಅದನ್ನೂ ಕೆಲಸದ ಲೆಕ್ಕಕ್ಕೇ ಹಾಕಿಕೊಂಡಿದ್ದರೆ ನನ್ನ ವಾರ 66 ಗಂಟೆಯದು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2021ರಲ್ಲಿ ಜಂಟಿಯಾಗಿ ಹೇಳಿದ್ದವು. ಅವರು ಎಣಿಸಿದ್ದು ಸಾಚಾ ಕೆಲಸದ ಗಂಟೆಗಳನ್ನು. ನನ್ನ ‘ಅ’ ಅದಕ್ಕೆ ಸೇರುವುದಿಲ್ಲ. ಆದರೂ ಆ ಅಂಕಿ ನೋಡಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಪುಸ್ತಕವನ್ನು ಹೆಂಡತಿಗೆ ತೋರಿಸಿದೆ. ಮೆಚ್ಚುಗೆ ನಿರೀಕ್ಷಿಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಅವಳು ಪುಟ ತಿರುವಿ, “ಈ 28ರಲ್ಲಿ ನಿಮ್ಮ ಸ್ನಾನ, ಊಟವನ್ನೂ ಸೇರಿಸಿದ್ದೀರಲ್ಲ. ಮನೆಗೆಲಸ ಎಷ್ಟು?” ಎಂದಳು. ಬಿಡಿಸಿ ಎಣಿಸಿದರೆ ಐದೂವರೆ. ಮುಂದಿನ ವಾರ ಅವಳ ಲೆಕ್ಕವನ್ನೂ ಬರೆದೆವು. ಹವ್ಯಾಸದ ಅಂಕಣದಲ್ಲಿ ಸೊನ್ನೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿನೋದ, ಎಂಟು ಗಂಟೆ ವಿಶ್ರಾಂತಿ ಎಂಬ ಬೇಡಿಕೆಯನ್ನು ಬ್ರಿಟನ್ನಿನ ಸಮಾಜ ಸುಧಾರಕ ರಾಬರ್ಟ್ ಓವೆನ್ ಮುಂದಿಟ್ಟದ್ದು 1817ರ ಸುಮಾರಿಗೆ. ದೊಡ್ಡ ಮಾತೇ. ಆದರೆ ಬಟ್ಟೆ ಒಗೆಯುವುದು, ಅಡುಗೆ ಮಾಡುವುದು ಆ ಮೂರರಲ್ಲಿ ಯಾವ ಎಂಟಕ್ಕೆ ಸೇರುತ್ತದೆ ಎಂದು ನಮ್ಮ ಮನೆಯಲ್ಲಿ ಪ್ರಶ್ನೆ ಎದ್ದಾಗ ನಾನು ತೆಪ್ಪಗಿದ್ದೆ. ಆವತ್ತಿನಿಂದ ಶನಿವಾರ ಬೆಳಗಿನ ಮೂರು ಗಂಟೆ ಕಾಲ ಅವಳದು. ಅಡುಗೆಮನೆ ನನ್ನದು. ಅವಳು ಎಲ್ಲಿ ಹೋಗುತ್ತಾಳೆ, ಏನು ಮಾಡುತ್ತಾಳೆ ಎಂದು ನಾನು ಕೇಳುವುದಿಲ್ಲ.

‘ಅ’ವನ್ನು ಇಳಿಸಿದ್ದು ಮಾತ್ರ ಒಂದು ಚೀಟಿ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದ್ದರು. ಮುಗಿಯದ ಕೆಲಸಕ್ಕೆ ನಿರ್ದಿಷ್ಟ ಯೋಜನೆಯೊಂದನ್ನು ಮಾಡಿಟ್ಟರೆ ಅದು ತಲೆ ಕೊರೆಯುವುದು ಕಡಿಮೆಯಾಗುತ್ತದೆ ಎಂದು 2011ರಲ್ಲಿ ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬೌಮೈಸ್ಟರ್ ಕಂಡುಕೊಂಡರು. ಹಾಗೆಂದು ಓದಿ ನಾನೂ ಕೆಲಸ ಮುಗಿಸುವ ಮುನ್ನ ಚೀಟಿ ಬರೆಯಲು ಶುರು ಮಾಡಿದೆ. ಮೊದಮೊದಲು “ವರದಿ ಮುಗಿಸಬೇಕು” ಎಂದಷ್ಟೇ ಬರೆಯುತ್ತಿದ್ದೆ. ಏನೂ ಪ್ರಯೋಜನವಾಗಲಿಲ್ಲ, ವರದಿ ಊಟದ ತಟ್ಟೆಯವರೆಗೂ ಬೆನ್ನಟ್ಟಿ ಬರುತ್ತಿತ್ತು. ಈಗಿನ ಚೀಟಿ ಹೀಗಿರುತ್ತದೆ: “ಮೂರನೆಯ ಕೋಷ್ಟಕದ ಮೊತ್ತ ತಾಳೆಯಾಗುತ್ತಿಲ್ಲ. ನಾಳೆ ಮೊದಲು ಕಳೆದ ತಿಂಗಳ ಕಡತ ತೆರೆದು ಹನ್ನೆರಡನೆಯ ಸಾಲು ನೋಡುವುದು.” ನಾಳೆ ಬೆರಳು ಎಲ್ಲಿ ಇಡಬೇಕು ಎಂಬಷ್ಟು ಖಚಿತವಾಗಿರಬೇಕು. ಚೀಟಿಯನ್ನು ಲ್ಯಾಪ್‌ಟಾಪ್‌ನ ಒಳಗಿಟ್ಟು ಮುಚ್ಚುತ್ತೇನೆ. ಮೂರು ನಿಮಿಷದ ಕೆಲಸ. ನಾಲ್ಕು ವಾರದಲ್ಲಿ ‘ಅ’ 19ರಿಂದ 8ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ, ಆಗಿಸುವ ಹಟವೂ ಇಲ್ಲ.

ಚಿತ್ರಕ್ಕೆ ದಿನಕ್ಕಿಷ್ಟು ನಿಮಿಷ ಎನ್ನುವ ಉಪದೇಶ ನನಗೆ ಒಗ್ಗಲಿಲ್ಲ. ನಾನು ಬರೆಯುವುದು ಕೈಗಳನ್ನು, ಪೆನ್ಸಿಲ್‌ನಲ್ಲಿ. ಮೊದಲ ಅರ್ಧ ಗಂಟೆ ಕೈ ಬಿಗಿದುಕೊಂಡೇ ಇರುತ್ತದೆ. ಬೆರಳುಗಳು ಬಾಳೆಹಣ್ಣಿನ ಚಿಪ್ಪಿನಂತೆ ಮೂಡುತ್ತವೆ. ಬೆರಳು ಎಂಬುದನ್ನು ಮರೆತು, ಬೆರಳುಗಳ ನಡುವಿನ ಖಾಲಿ ಜಾಗದ ಆಕಾರವನ್ನು ನೋಡತೊಡಗಿದ ಮೇಲೆಯೇ ಗೆರೆ ಸರಿಹೋಗುವುದು. ಆ ನೋಟ ಬರುವ ಹೊತ್ತಿಗೆ ಇಪ್ಪತ್ತು ನಿಮಿಷದ ಅವಧಿ ಮುಗಿದೇ ಹೋಗಿರುತ್ತಿತ್ತು. ಈಗ ಭಾನುವಾರ ಮಧ್ಯಾಹ್ನ ಸತತ ಎರಡು ಗಂಟೆ ಕಾಲ. ಉಳಿದ ದಿನ ಪೆನ್ಸಿಲ್ ಮುಟ್ಟುವುದಿಲ್ಲ. ಮುಟ್ಟಲಿಲ್ಲವೆಂಬ ಕೊರಗೂ ಇಲ್ಲ.

ಎಲ್ಲ ವಾರವೂ ಹೀಗೆ ಒಪ್ಪವಾಗಿರುತ್ತದೆ ಎಂದುಕೊಳ್ಳಬೇಡಿ. ವರ್ಷದ ಲೆಕ್ಕ ಮುಗಿಸುವ ಮೂರು ವಾರ ನಾನು ಮನೆಗೆ ಅತಿಥಿ. ಅಮ್ಮ ಹಾಸಿಗೆ ಹಿಡಿದ ಹದಿನೈದು ದಿನ ಕೆಲಸವೇ ಬದಿಗೆ ಸರಿಯಿತು. ಅಂತಹ ವಾರಗಳಲ್ಲಿ ಪುಸ್ತಕ ಬರೆಯುವುದನ್ನೇ ಬಿಡುತ್ತೇನೆ.

ಕಳೆದ ಭಾನುವಾರ ಮಗಳು ತಾನೇ ಬಂದು ಮೇಜಿನ ಮೇಲೆ ಕೈ ಚಾಚಿ ಕುಳಿತಳು. ಒಂದೂವರೆ ಗಂಟೆ. ಬಾಯಿ ಮಾತ್ರ ನಿಲ್ಲಲಿಲ್ಲ. ಅಂದಿನ ಜಗಳ ರಾಜಿಯಾಗಿ, ಮತ್ತೆ ಮುರಿದು, ಇನ್ನೊಬ್ಬಳು ನಡುವೆ ಬಂದಿದ್ದಳು. ಇಷ್ಟನ್ನೂ ಈ ಸಲ ಕೇಳಿಸಿಕೊಂಡೆ. ಆಮೇಲೆ ಅವಳು ಪುಸ್ತಕ ಎಳೆದುಕೊಂಡು, “ಇದಕ್ಕೆ ಯಾವ ಅಕ್ಷರ?” ಎಂದಳು. ‘ಚಿ’ ಎಂದು ಬರೆದೆ. ಅವಳು ಅದನ್ನು ಹೊಡೆದುಹಾಕಿ ‘ಮ’ ಎಂದು ತಿದ್ದಿ, ಆಡಲು ಓಡಿದಳು. ಹೆಬ್ಬೆರಳು ಇನ್ನೂ ಬಾಕಿ ಇತ್ತು. “ಗೆಣ್ಣಿನ ಕೆಳಗಿನ ನೆರಳಿನಿಂದ ಶುರು ಮಾಡುವುದು” ಎಂದು ಚೀಟಿ ಬರೆದು ಚಿತ್ರದ ಹಾಳೆಯೊಳಗೆ ಇಟ್ಟಿದ್ದೇನೆ.