ಕಾಸರಗೋಡಿಗೆ ಬಂದಿರುವ ಹ್ಯಾಮ್ ಮಿತ್ರರಿಗೆ

ಬ್ಯಾಂಕಿನ ವರ್ಗಾವಣೆ, ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲಿ ಅಥವಾ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸ, ಇಲ್ಲಿನ ಮನೆಯೊಂದಕ್ಕೆ ಮದುವೆ – ಹೀಗೆ ನಾನಾ ಕಾರಣಗಳಿಂದ ಕರ್ನಾಟಕದವರು ಕಾಸರಗೋಡಿಗೆ ಬಂದು ನೆಲೆಸುತ್ತಾರೆ. ಅವರಲ್ಲಿ ಹವ್ಯಾಸಿ ರೇಡಿಯೋದ ಹುಚ್ಚಿರುವವರಿಗಾಗಿ, ಅಂದರೆ ಹ್ಯಾಮ್ ಮಿತ್ರರಿಗಾಗಿ, ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ನೆಲದಲ್ಲಿ ದುಬಾರಿ ರೇಡಿಯೋಗಿಂತ ಒಳ್ಳೆಯ ಆಂಟೆನಾ ತಂತಿ, ಒಳ್ಳೆಯ ಕೇಬಲ್ ಮತ್ತು ಒಳ್ಳೆಯ ಅರ್ಥಿಂಗ್ ನಿಮ್ಮನ್ನು ಕಾಯುತ್ತವೆ. ಹಣವನ್ನು ಆ ಕಡೆಗೆ ಹಾಕಿ.

ಪರವಾನಗಿ ಇದ್ದವರು ಕೇರಳಕ್ಕೆ ಬಂದ ಮಾತ್ರಕ್ಕೆ ಹೊಸ ಕಾಲ್ ಸೈನ್ (ರೇಡಿಯೋದಲ್ಲಿ ನಿಮ್ಮನ್ನು ಗುರುತಿಸುವ ಸಂಕೇತ) ಪಡೆಯಬೇಕಾಗಿಲ್ಲ. ನಮ್ಮ ದೇಶದ ವಿಯು2, ವಿಯು3 ಸಂಕೇತಗಳಿಗೂ ರಾಜ್ಯಕ್ಕೂ ಸಂಬಂಧವಿಲ್ಲ. ಆದರೆ ಪರವಾನಗಿಯಲ್ಲಿ ನಿಮ್ಮ ರೇಡಿಯೋ ಕೇಂದ್ರದ ವಿಳಾಸ ನಮೂದಾಗಿರುತ್ತದೆ; ಅದನ್ನು ಬದಲಿಸಿಕೊಳ್ಳುವ ಕೆಲಸ ಮೊದಲು ಆಗಲಿ. ಪರವಾನಗಿ ಇಲ್ಲದವರು ಪರೀಕ್ಷೆ ಬರೆಯಬೇಕು. ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಅಲ್ಲಿಯವರೆಗೆ ಕೇಳುತ್ತಿರಿ, ಓದುತ್ತಿರಿ. ಅಗ್ಗಕ್ಕೆ ಸಿಗುವ ಕೈರೇಡಿಯೋ ತರಿಸಿ ಪರವಾನಗಿಯಿಲ್ಲದೆ ಮಾತನಾಡುವುದು ಎಲ್ಲಿಯೂ ಅಪರಾಧವೇ. ಕರಾವಳಿಯಲ್ಲಂತೂ ಇನ್ನಷ್ಟು ಎಚ್ಚರ ಬೇಕು. 156.8 ಮೆಗಾಹರ್ಟ್ಸ್ ಕಡಲಿನವರ ತುರ್ತು ಕರೆಯ ತರಂಗಾಂತರ. ಅದರ ಹತ್ತಿರ ಆಟವಾಡುವುದೆಂದರೆ ಯಾರದೋ ಜೀವದ ಜೊತೆ ಆಡಿದಂತೆ.

ಈಗ ತಂತಿಯ ಮಾತು. ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಬಾಯಾರು ಕಡೆಯ ಹೆಚ್ಚಿನ ಮನೆಗಳು ಎರಡು ಗುಡ್ಡಗಳ ನಡುವೆ, ಅಡಿಕೆ ತೋಟದ ಅಂಚಿನಲ್ಲಿವೆ. ಬೆಂಗಳೂರಿನ ತಾರಸಿಯಿಂದ ಎರಡು ಮೀಟರ್ ಬ್ಯಾಂಡಿನಲ್ಲಿ (144–146 ಮೆಗಾಹರ್ಟ್ಸ್) ಹರಟೆ ಹೊಡೆದವರಿಗೆ ಇಲ್ಲಿ ಮೊದಲ ದಿನವೇ ನಿರಾಸೆಯಾಗುತ್ತದೆ, ಏಕೆಂದರೆ ಆ ತರಂಗಗಳಿಗೆ ಗುಡ್ಡ ಅಡ್ಡ. ಎದೆಗುಂದಬೇಡಿ. 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ತೋಳಿನ ತಂತಿ ಆಂಟೆನಾ) ಕಟ್ಟಿ: ಒಟ್ಟು ಸುಮಾರು 20 ಮೀಟರ್ ತಂತಿ, ನಡುವಿನಿಂದ ಎರಡೂ ಕಡೆಗೆ ಹತ್ತತ್ತು ಮೀಟರ್. ಅದನ್ನು ಆರೇಳು ಮೀಟರ್ ಎತ್ತರದಲ್ಲಿ ಕಟ್ಟಿದರೂ ಸಾಕು. ಅಷ್ಟು ತಗ್ಗಿನಲ್ಲಿ ಅದರ ಶಕ್ತಿ ಹೆಚ್ಚಾಗಿ ನೆತ್ತಿಯ ಮೇಲಕ್ಕೆ ಹೋಗಿ, ಮೇಲಿನ ವಾಯುಮಂಡಲದ ಅಯಾನುಗೋಳಕ್ಕೆ ಬಡಿದು, ಸುತ್ತಲಿನ ಕೆಲವು ನೂರು ಕಿಲೋಮೀಟರುಗಳಿಗೆ ಇಳಿದು ಬರುತ್ತದೆ. ಬೆಂಗಳೂರು ಇಲ್ಲಿಂದ ನೇರ ದಾರಿಯಲ್ಲಿ 300 ಕಿಲೋಮೀಟರಿಗಿಂತ ತುಸು ಕಡಿಮೆ, ಧಾರವಾಡ ತುಸು ಹೆಚ್ಚು. ಹಗಲಿನಲ್ಲಿ ಎರಡೂ ಊರುಗಳ ಕನ್ನಡ ನಿಮ್ಮ ಜಗಲಿಗೆ ಬರುತ್ತದೆ. ಗುಡ್ಡಗಳ ನಡುವಿನ ಮನೆಗೆ ಇದಕ್ಕಿಂತ ಒಳ್ಳೆಯ ಆಂಟೆನಾ ನನಗೆ ಗೊತ್ತಿಲ್ಲ.

ಅಡಿಕೆ ಮರಕ್ಕೆ ತಂತಿಯನ್ನು ಬಿಗಿದು ಕಟ್ಟಬೇಡಿ. ಗಾಳಿಗೆ ಅದು ಬಳುಕುವ ಬಳುಕಿಗೆ ತಂತಿ ತುಂಡಾಗುತ್ತದೆ. ಮರಕ್ಕೊಂದು ರಾಟೆ ಕಟ್ಟಿ, ಹಗ್ಗವನ್ನು ಅದರ ಮೇಲಿಂದ ಇಳಿಸಿ, ತುದಿಗೆ ಕಲ್ಲೊಂದನ್ನು ತೂಗಬಿಡಿ. ಮರ ಬಾಗಿದಂತೆ ಕಲ್ಲು ಮೇಲೆ ಕೆಳಗೆ ಆಡುತ್ತದೆ, ತಂತಿ ಉಳಿಯುತ್ತದೆ. ತೆಂಗಿನ ಮರದ ಕೆಳಗೆ ಮಾತ್ರ ತಂತಿ ಹಾಯಿಸಬೇಡಿ, ಮಡಲು ಬಿದ್ದರೆ ಎಲ್ಲವೂ ಮುಗಿಯಿತು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈಗ ಅಡಿಕೆ ಕೊನೆ ಕೊಯ್ಯುವುದಕ್ಕೂ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಡೈಪೋಲಿನ ತುದಿಗಳಲ್ಲಿ ಪ್ರಸಾರದ ವೇಳೆ ವೋಲ್ಟೇಜ್ ಅತಿ ಹೆಚ್ಚು. ತೋಟದಲ್ಲಿ ಕೆಲಸದವರಿರುವಾಗ ರೇಡಿಯೋ ಮುಟ್ಟಲೇಬೇಡಿ. ತಂತಿ ಎಲ್ಲಿ ಹಾದಿದೆ ಎಂದು ಅವರನ್ನು ಕರೆದುಕೊಂಡು ಹೋಗಿ ತೋರಿಸಿ.

ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಕುಂಬಳೆ, ಮಂಜೇಶ್ವರದ ಕಡಲಂಚಿನಲ್ಲಿ ಅದರ ಜೊತೆಗೆ ಉಪ್ಪುಗಾಳಿ. ಕೇಬಲಿನ ಕೊನೆಗಳಿಗೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಸಾಮಾನ್ಯ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಬರುವಲ್ಲಿ ಕೆಳಮುಖವಾಗಿ ಒಂದು ಬಳಸು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆಯಿಂದ ಎಷ್ಟು ಶಕ್ತಿ ಮರಳಿ ಬರುತ್ತಿದೆ ಎಂದು ತೋರಿಸುವ ಅಂಕಿ) ಅಳೆದು ಪುಸ್ತಕದಲ್ಲಿ ಬರೆದಿಡಿ. ಅಂಕಿ ಏರಿದರೆ ರೇಡಿಯೋವನ್ನು ಶಂಕಿಸುವ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಒಳಗಿನ ತಾಮ್ರದ ಹೆಣಿಗೆ ಕಪ್ಪಾಗಿದ್ದರೆ ಆ ಕೇಬಲಿನ ಆಸೆ ಬಿಡಿ.

ಸಿಡಿಲಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್–ಮೇ ಮತ್ತು ತುಲಾ ಮಾಸದ ಸಂಜೆಗಳು ಅಪಾಯದವು. ನಮ್ಮ ಮುರಕಲ್ಲಿನ ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದೇ ಸರಳು ಹೂತರೆ ಸಾಲದು. ಹಲವನ್ನು ದೂರ ದೂರ ಹೂತು, ದಪ್ಪ ತಾಮ್ರದಿಂದ ಜೋಡಿಸಿ, ಮನೆಯ ಅರ್ಥಿಂಗಿಗೂ ಸೇರಿಸಿ. ಆಯ್ಕೆ ಇದ್ದರೆ ತೋಟದ ತೇವದ ಮಣ್ಣನ್ನೇ ಆರಿಸಿ. ಇಷ್ಟೆಲ್ಲ ಮಾಡಿದರೂ ಕೆಲಸ ಮುಗಿದ ಕೂಡಲೇ ಆಂಟೆನಾ ಕೇಬಲನ್ನೂ ವಿದ್ಯುತ್ ಪ್ಲಗ್ಗನ್ನೂ ಕಳಚಿ, ಕೇಬಲಿನ ತುದಿಯನ್ನು ಕಿಟಕಿಯಿಂದ ಹೊರಗಿಡಿ. ಗುಡುಗು ಕೇಳಿದ ಮೇಲೆ ಕಳಚಲು ಹೋಗಬಾರದು.

ರೇಡಿಯೋದಲ್ಲಿ ಗದ್ದಲ ಕೇಳಿಸಿದರೆ ಮನೆಯ ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆರಿಸಿ, ಬ್ಯಾಟರಿಯಲ್ಲಿ ರೇಡಿಯೋ ಹಚ್ಚಿ ನೋಡಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ: ಎಲ್‌ಇಡಿ ಬಲ್ಬು, ಇನ್ವರ್ಟರ್ ಅಥವಾ ಚಾರ್ಜರ್. ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿದ್ದರೆ ಹಂದಿ ಬಾರದಂತೆ ಹಾಕಿದ ಸೋಲಾರ್ ಬೇಲಿಯ ತಂತಿ ಎಲ್ಲೋ ಸೊಪ್ಪಿಗೆ ತಾಗುತ್ತಿದೆ. ಬೇಲಿಯ ಯಜಮಾನರಿಗೆ ಹೇಳಿ, ಸೊಪ್ಪು ಸವರಿದರೆ ಇಬ್ಬರಿಗೂ ಲಾಭ.

ಎರಡು ಮೀಟರ್ ಬ್ಯಾಂಡಿನ ಆಸೆ ಉಳಿದಿದ್ದರೆ ರಜೆಯಲ್ಲಿ ಧರ್ಮತ್ತಡ್ಕದ ಹತ್ತಿರದ ಪೊಸಡಿ ಗುಂಪೆ ಹತ್ತಿ. ತುದಿಯಿಂದ ಪಶ್ಚಿಮಕ್ಕೆ ಕಡಲು, ಉತ್ತರಕ್ಕೆ ಮಂಗಳೂರಿನ ದಿಕ್ಕು ತೆರೆದುಕೊಳ್ಳುತ್ತವೆ. ಗ್ರಿಡ್ (ಹ್ಯಾಮ್‌ಗಳು ಸ್ಥಳವನ್ನು ಹೇಳುವ ನಕ್ಷೆಯ ಚೌಕದ ಸಂಕೇತ) ಕೇಳಿದವರಿಗೆ ಎಂಕೆ72 ಎನ್ನಿ.

ನೆರೆಯವರಿಗೆ ಮೊದಲೇ ಹೇಳಿ, ಇದು ಮೊಬೈಲ್ ಟವರ್ ಅಲ್ಲ ಎಂದು. ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಲಯಾಳದಲ್ಲಿಯೋ ಅವರ ಮನೆಮಾತಿನಲ್ಲಿ ಹೇಳಿದರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ. ಮಲಯಾಳ ಬಾರದಿದ್ದರೆ ಕಲಿಯುವುದಕ್ಕೆ ರೇಡಿಯೋದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. 2018ರ ಪ್ರವಾಹದಲ್ಲಿ ಕೇರಳದ ಹ್ಯಾಮ್‌ಗಳು ಸಂದೇಶಗಳನ್ನು ದಾಟಿಸಿದರು. ಅಂಥ ದಿನ ಮತ್ತೆ ಬಂದರೆ ಊರಿನ ಹೆಸರುಗಳನ್ನೂ ಸಂಖ್ಯೆಗಳನ್ನೂ ಕನ್ನಡ, ಮಲಯಾಳ ಎರಡರಲ್ಲೂ ತಪ್ಪಿಲ್ಲದೆ ಹೇಳಬಲ್ಲವರು ಗಡಿಯಲ್ಲಿ ಬೇಕಾಗುತ್ತಾರೆ. ಮಲಯಾಳದ ಅಂಕಿಗಳನ್ನು ಈ ವಾರವೇ ಕಲಿಯಲು ತೊಡಗಿ.